ಸರ್ಪಸುತ್ತಿನ ಗುಳಿಗೆ, ಸ್ಕ್ಯಾನಿಂಗ್ ಇಂಜೆಕ್ಷನ್ ಮತ್ತು ‘ವರದಿಯಾಗಿದೆ’ ಎಂಬ ಮಾತು

ಕಳೆದ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪನಿಗೆ ಬೆನ್ನಿನಿಂದ ಪಕ್ಕೆಯವರೆಗೆ ಸರ್ಪಸುತ್ತು ಎದ್ದಿತು. ನಮ್ಮ ಕಡೆ ಸರ್ಪಸುತ್ತಿಗೆ ಮೊದಲು ಕೆಮ್ಮಣ್ಣು, ಆಮೇಲೆ ಡಾಕ್ಟರು. ಪಕ್ಕದೂರಿನ ಅಜ್ಜನೊಬ್ಬರು ಕೆಮ್ಮಣ್ಣನ್ನು ಗರಿಕೆ ರಸದಲ್ಲಿ ಕಲಸಿ ಗುಳ್ಳೆಗಳ ಸುತ್ತ ಹಚ್ಚಿ ಕಳಿಸಿದರು. ಹಾವಿನ ತಲೆ ಬಾಲ ಕೂಡಿದರೆ ಜೀವಕ್ಕೇ ಅಪಾಯ ಎಂದು ದೊಡ್ಡಮ್ಮ ಹೆದರಿ ಕೂತಿದ್ದರು. ಮೂರನೇ ದಿನ ಉರಿ ತಾಳಲಾರದೆ ದೊಡ್ಡಪ್ಪನೇ ಆಸ್ಪತ್ರೆಗೆ ಹೋಗೋಣ ಎಂದರು. ಡಾಕ್ಟರು ಅಸೈಕ್ಲೋವಿರ್ 800 ಮಿಲಿಗ್ರಾಂ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಐದು ಸಲ, ಏಳು ದಿನ. ನೋವಿಗೆ ಇನ್ನೊಂದು ಗುಳಿಗೆ.

ಐದನೇ ದಿನ ಹೊಟ್ಟೆನೋವು, ವಾಂತಿ ಶುರುವಾಯಿತು. ಜಿಲ್ಲಾ ಕೇಂದ್ರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಇಂಜೆಕ್ಷನ್ ಕೊಟ್ಟು ಸಿ.ಟಿ. ಮಾಡಿಸಬೇಕಾಯಿತು. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದರು. ದೊಡ್ಡಮ್ಮ ಅದನ್ನು ವ್ರತದಂತೆ ಪಾಲಿಸಿ ರಾತ್ರಿಯಿಂದ ಗುಟುಕು ನೀರನ್ನೂ ಕೊಟ್ಟಿರಲಿಲ್ಲ. ಅಲ್ಲಿ ಇಂಗ್ಲಿಷಿನಲ್ಲಿದ್ದ ಒಂದು ಫಾರಂ ಕೊಟ್ಟರು. ಮನೆಯಲ್ಲಿ ಓದಿದವನು ನಾನು, ಪತ್ರಕರ್ತ ಬೇರೆ. ‘ಈಗ ತೆಗೆದುಕೊಳ್ಳುತ್ತಿರುವ ಔಷಧಿಗಳು’ ಎಂಬ ಸಾಲಿನ ಮುಂದೆ ಬಿ.ಪಿ. ಮಾತ್ರೆ ಎಂದಷ್ಟೇ ಬರೆದು ಸಹಿ ಹಾಕಿದೆ. ಸರ್ಪಸುತ್ತಿನ ಗುಳಿಗೆ ನೆನಪಿಗೇ ಬರಲಿಲ್ಲ. ಯಾರೂ ಕೇಳಲೂ ಇಲ್ಲ.

ಸ್ಕ್ಯಾನಿನಲ್ಲಿ ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಆದರೆ ಎರಡು ದಿನದಲ್ಲಿ ಮೂತ್ರ ಕಡಿಮೆಯಾಯಿತು. ಮೊದಲು 1.1 ಇದ್ದ ಕ್ರಿಯಾಟಿನಿನ್ 2.6ಕ್ಕೆ ಏರಿತ್ತು. ಅಡ್ಮಿಟ್ ಮಾಡಿ ಡ್ರಿಪ್ ಹಾಕಿದರು. ಏನೇನು ತೆಗೆದುಕೊಂಡಿದ್ದರು ಎಂದು ಡಾಕ್ಟರು ಕೇಳಿದಾಗ ದೊಡ್ಡಮ್ಮ ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿ ಎಲ್ಲವನ್ನೂ ಮೇಜಿನ ಮೇಲೆ ಸುರಿದರು. “ನೀರು ಕೊಡಬೇಡಿ ಅಂದ್ರು, ಅದಕ್ಕೇ ಕೊಡಲಿಲ್ಲ ಕಣಪ್ಪ,” ಎಂದು ನನ್ನ ಮುಖ ನೋಡಿದರು. ಡಾಕ್ಟರು ಹೇಳಿದ್ದು ಇಷ್ಟು: “ಸ್ಕ್ಯಾನಿಂಗ್ ಔಷಧಿ ಇರಬಹುದು, ಅಸೈಕ್ಲೋವಿರ್ ಇರಬಹುದು, ನೋವಿನ ಮಾತ್ರೆ ಇರಬಹುದು, ವಾಂತಿಯಾಗಿ ನೀರು ಕಡಿಮೆಯಾದದ್ದೂ ಇರಬಹುದು. ಎಲ್ಲ ಸೇರಿಯೂ ಇರಬಹುದು.” ಹತ್ತು ದಿನದಲ್ಲಿ ಕ್ರಿಯಾಟಿನಿನ್ ಇಳಿಯಿತು, ದೊಡ್ಡಪ್ಪ ಮನೆಗೆ ಬಂದರು.

ಆ ರಾತ್ರಿಗಳಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಎರಡೂ ಔಷಧಿಗಳ ಹೆಸರನ್ನು ಒಟ್ಟಿಗೆ ಹಾಕಿ ಹುಡುಕಿದ್ದೆ. ಸಿಕ್ಕಿದ್ದು ಪಟ್ಟಿಗಳು. ಇವೆರಡನ್ನೂ ಪಡೆದವರಲ್ಲಿ ಇಂತಿಂಥ ತೊಂದರೆ ‘ವರದಿಯಾಗಿದೆ’ ಎಂಬ ಸಾಲುಗಳು. ವರದಿ ಎಂಬುದು ನನ್ನ ಅನ್ನದ ಮಾತು. ಒಂದು ವರದಿಯ ಹಿಂದೆ ಎಷ್ಟು ಸತ್ಯ, ಎಷ್ಟು ಅನುಮಾನ, ಎಷ್ಟು ಅವಸರ ಇರುತ್ತದೆಂದು ನನಗೆ ಗೊತ್ತು. ಹಾಗಾಗಿ ಈ ಎರಡು ಔಷಧಿಗಳು ಎಲ್ಲಿಂದ ಬಂದವು, ಎಲ್ಲಿ ಸಂಧಿಸುತ್ತವೆ, ಔಷಧಲೋಕದಲ್ಲಿ ‘ವರದಿ’ ಎಂದರೇನು ಎಂದು ಓದಲು ಕೂತೆ.

ಹಸುವಿನ ಕೆಚ್ಚಲಿನಿಂದ ಬಂದ ಬೆಳಕು

1895ರ ನವೆಂಬರಿನಲ್ಲಿ ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದರು. ಮೂಳೆ ಕಾಣುತ್ತಿತ್ತು, ರಕ್ತನಾಳ ಕಾಣುತ್ತಿರಲಿಲ್ಲ. ಮರುವರ್ಷದ ಜನವರಿಯಲ್ಲೇ ವಿಯೆನ್ನಾದ ಹಾಶೆಕ್ ಮತ್ತು ಲಿಂಡೆಂಥಾಲ್ ಎಂಬಿಬ್ಬರು ಹೆಣದ ಕೈಯ ರಕ್ತನಾಳಗಳಿಗೆ ಸುಣ್ಣ, ಇಂಗಳೀಕ, ಪೆಟ್ರೋಲಿಯಂ ಸೇರಿಸಿದ ಮಿಶ್ರಣ ತುಂಬಿ ಚಿತ್ರ ತೆಗೆದರು. ಕೈಯೊಳಗಿನ ನಾಳಗಳೆಲ್ಲ ಮರದ ಬೇರಿನಂತೆ ಕಂಡವು. ಆದರೆ ಬದುಕಿರುವವರಿಗೆ ಇಂಗಳೀಕ ಚುಚ್ಚಲಾಗುವುದಿಲ್ಲವಲ್ಲ.

ದಾರಿ ತೋರಿಸಿದ್ದು ರೋಗಿಗಳು ಮೊದಲೇ ತೆಗೆದುಕೊಳ್ಳುತ್ತಿದ್ದ ಒಂದು ಔಷಧಿ. ಪೆನಿಸಿಲಿನ್ ಇಲ್ಲದ ಆ ಕಾಲದಲ್ಲಿ ಸಿಫಿಲಿಸ್ ರೋಗಿಗಳಿಗೆ ಸೋಡಿಯಂ ಅಯೋಡೈಡನ್ನು ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದರು. ಅಂಥವರ ಎಕ್ಸ್‌ರೇಯಲ್ಲಿ ಮೂತ್ರಕೋಶ ಎದ್ದು ಕಾಣುವುದನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ಅರ್ಲ್ ಆಸ್‌ಬೋರ್ನ್ ಗಮನಿಸಿದರು. ಅಯೋಡಿನ್ ಎಕ್ಸ್‌ರೇಯನ್ನು ತಡೆಯುತ್ತದೆ, ಕಿಡ್ನಿ ಅಯೋಡಿನ್ನನ್ನು ಹೊರಹಾಕುತ್ತದೆ, ಹಾಗಾಗಿ ಮೂತ್ರದ ದಾರಿ ಕಾಣುತ್ತದೆ. 1923ರಲ್ಲಿ ಅವರೂ ಸಂಗಡಿಗರೂ ಇದನ್ನು ಪ್ರಕಟಿಸಿದರು.

ಎರಡನೇ ಹೆಜ್ಜೆ ಇನ್ನೂ ಸ್ವಾರಸ್ಯದ್ದು. ಬರ್ಲಿನ್ನಿನ ಕೃಷಿ ಕಾಲೇಜಿನಲ್ಲಿ ಬಿಂಟ್ಸ್ ಮತ್ತು ರೇಟ್ ಎಂಬ ರಸಾಯನಶಾಸ್ತ್ರಜ್ಞರು ಸೋಂಕಿಗೆ ಮದ್ದು ಹುಡುಕುತ್ತ ಅಯೋಡಿನ್ ಇರುವ ಅನೇಕ ಸಂಯುಕ್ತಗಳನ್ನು ತಯಾರಿಸಿದ್ದರು. ಅದರಲ್ಲಿ ಸೆಲೆಕ್ಟಾನ್ ಎಂಬುದನ್ನು ಹಸುಗಳ ಕೆಚ್ಚಲು ಬಾವಿಗೆ ಕೊಡುತ್ತಿದ್ದರು. ಹ್ಯಾಂಬರ್ಗ್ ಪಕ್ಕದ ಆಲ್ಟೋನಾದ ಆಸ್ಪತ್ರೆಯಲ್ಲಿ ಅದನ್ನು ಮನುಷ್ಯರ ಸೋಂಕಿಗೂ ಪ್ರಯೋಗಿಸುತ್ತಿದ್ದರು. 1928ರಲ್ಲಿ ಅಲ್ಲಿಗೆ ಬಂದ ಮೋಸೆಸ್ ಸ್ವಿಕ್ ಎಂಬ ಅಮೆರಿಕದ ಯುವ ವೈದ್ಯನಿಗೆ ಅನಿಸಿದ್ದು ಬೇರೆ. ಇದರಲ್ಲಿ ಅಯೋಡಿನ್ ಇದೆ, ಮೂತ್ರದಲ್ಲಿ ಹೋಗುತ್ತದೆ, ಅಂದಮೇಲೆ ಇದರಿಂದ ಕಿಡ್ನಿಯ ಚಿತ್ರ ತೆಗೆಯಬಹುದಲ್ಲ! ಅದೇ ಕುಟುಂಬದ, ವಿಷ ಕಡಿಮೆಯಿರುವ ಇನ್ನೊಂದು ಸಂಯುಕ್ತ ಯೂರೋಸೆಲೆಕ್ಟಾನ್ ಎಂಬ ಹೆಸರಿನಲ್ಲಿ 1929ರಲ್ಲಿ ಹೊರಬಂತು. ರಕ್ತನಾಳಕ್ಕೆ ಚುಚ್ಚಿ ಕಿಡ್ನಿಯ ಚಿತ್ರ ತೆಗೆಯುವುದು ಅಲ್ಲಿಂದ ರೂಢಿಗೆ ಬಂತು. ಶ್ರೇಯಸ್ಸು ಯಾರದೆಂಬ ಜಗಳ ಸ್ವಿಕ್ ಮತ್ತು ಅವರ ಬರ್ಲಿನ್ ಹಿರಿಯರ ನಡುವೆ ದಶಕಗಳ ಕಾಲ ನಡೆಯಿತು.

ಅಂದರೆ ಇವತ್ತಿನ ಸ್ಕ್ಯಾನಿಂಗ್ ಇಂಜೆಕ್ಷನ್ನಿನ ಅಜ್ಜ ಸೋಂಕಿನ ಔಷಧಿ. ಅದಕ್ಕೆ ಕೆಲಸ ಕೊಟ್ಟದ್ದು ಕಿಡ್ನಿ. ಕಿಡ್ನಿ ಅದನ್ನು ಹೊರಹಾಕದಿದ್ದರೆ ಚಿತ್ರವೇ ಇರುತ್ತಿರಲಿಲ್ಲ. ಮುಂದಿನ ತೊಂದರೆಯ ಬೀಜವೂ ಅಲ್ಲೇ ಇತ್ತು.

ನೀರು ಕೊಡಬೇಡಿ ಎಂದ ಕಾಲ

1950ರ ದಶಕದಲ್ಲಿ ಮೂರು ಅಯೋಡಿನ್ ಪರಮಾಣುಗಳಿರುವ ಹೊಸ ಔಷಧಿಗಳು ಬಂದವು. ಚಿತ್ರ ಸ್ಪಷ್ಟವಾಯಿತು. ಆದರೆ ಆ ದ್ರಾವಣದ ಸಾಂದ್ರತೆ ರಕ್ತಕ್ಕಿಂತ ಐದಾರು ಪಟ್ಟು ಹೆಚ್ಚು. ಚುಚ್ಚಿದ ಕೂಡಲೇ ಮೈಯೆಲ್ಲ ಬಿಸಿ, ಉರಿ, ವಾಂತಿ. ಚಿತ್ರ ಇನ್ನೂ ಚೆನ್ನಾಗಿ ಬರಲೆಂದು ಪರೀಕ್ಷೆಗೆ ಮುಂಚೆ ರೋಗಿಗೆ ನೀರು ಕೊಡದೆ ಒಣಗಿಸುವ ಪದ್ಧತಿಯೂ ಇತ್ತು. ಮೂತ್ರ ಗಟ್ಟಿಯಾದಷ್ಟೂ ಅಯೋಡಿನ್ ಗಟ್ಟಿ, ಅಯೋಡಿನ್ ಗಟ್ಟಿಯಾದಷ್ಟೂ ಚಿತ್ರ ಬಿಳಿ ಎಂಬ ಲೆಕ್ಕ.

1954ರಲ್ಲಿ ಡೆನ್ಮಾರ್ಕಿನ ವೈದ್ಯರು ಒಂದು ಪ್ರಕರಣ ಬರೆದರು. ಮೂಳೆಮಜ್ಜೆಯ ಕ್ಯಾನ್ಸರ್ ಇದ್ದ ರೋಗಿಯೊಬ್ಬರಿಗೆ ಈ ಪರೀಕ್ಷೆಯ ನಂತರ ಮೂತ್ರವೇ ನಿಂತುಹೋಗಿತ್ತು. ಒಬ್ಬ ರೋಗಿ, ಒಂದು ವರದಿ. ಅದರ ಬೆನ್ನಿಗೆ ಬೇರೆ ಕಡೆಗಳಿಂದಲೂ ಇಂಥ ವರದಿಗಳು ಬಂದವು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮೊದಲೇ ಕಿಡ್ನಿ ಸೋತವರು ಅವುಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡರು. ಕೊನೆಗೆ ನೀರು ನಿಲ್ಲಿಸುವ ಪದ್ಧತಿ ಹೋಗಿ, ಇಂಥವರಿಗೆ ಪರೀಕ್ಷೆಗೆ ಮುಂಚೆಯೂ ಆಮೇಲೂ ನೀರಿನಂಶ ಕೊಡಬೇಕು ಎಂಬ ತದ್ವಿರುದ್ಧ ಪಾಠ ಬಂತು. ದೊಡ್ಡಮ್ಮ ಪಾಲಿಸಿದ್ದು, ಯಾರ ತಪ್ಪೂ ಇಲ್ಲದೆ, ಆ ಹಳೇ ಕಾಲದ ಪದ್ಧತಿಯನ್ನು. ಖಾಲಿ ಹೊಟ್ಟೆ ಎಂದರೆ ನೀರೂ ಬೇಡ ಎಂದು ಅವರಿಗೆ ಅರ್ಥವಾಗಿತ್ತು. ಹಾಗಲ್ಲ ಎಂದು ಬಿಡಿಸಿ ಹೇಳುವವರು ಇರಲಿಲ್ಲ.

ಔಷಧಿಯನ್ನೇ ಸೌಮ್ಯ ಮಾಡಿದ್ದು ಸ್ವೀಡನ್ನಿನ ರೇಡಿಯಾಲಜಿಸ್ಟ್ ಟೋರ್ಸ್ಟೆನ್ ಅಲ್ಮೆನ್. ಹೆಚ್ಚು ಉಪ್ಪಿನ ಸಮುದ್ರದಲ್ಲಿ ಕಣ್ಣು ಬಿಟ್ಟು ಈಜಿದರೆ ಉರಿಯುತ್ತದೆ, ಉಪ್ಪು ಕಡಿಮೆಯಿರುವ ಬಾಲ್ಟಿಕ್ ನೀರಿನಲ್ಲಿ ಅಷ್ಟು ಉರಿಯುವುದಿಲ್ಲ. ರಕ್ತನಾಳದ ಉರಿಗೂ ಇದೇ ಕಾರಣ ಎಂದು ಅವರು ತರ್ಕಿಸಿದರು. ನೀರಿನಲ್ಲಿ ಒಡೆದು ಎರಡಾಗದ ಅಯೋಡಿನ್ ಅಣು ಮಾಡಿದರೆ ಸಾಂದ್ರತೆ ಇಳಿಯುತ್ತದೆ ಎಂಬ ಅವರ ವಿಚಾರ 1969ರಲ್ಲಿ ಅಚ್ಚಾಯಿತು. ನಾರ್ವೆಯ ನೀಗಾರ್ಡ್ ಕಂಪನಿ ಅದನ್ನು ಕೈಗೆತ್ತಿಕೊಂಡಿತು. 1982ರಲ್ಲಿ ಬಂದ ಐಯೋಹೆಕ್ಸಾಲ್ ಇವತ್ತಿಗೂ ನಮ್ಮ ಸ್ಕ್ಯಾನಿಂಗ್ ಕೋಣೆಗಳಲ್ಲಿದೆ. ಅಷ್ಟರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವೂ ಬಂದಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ಆಗಿತ್ತು.

ಉಪ್ಪಿನಕಾಯಿಯ ಹುಳಿ ನೋಡುತ್ತಿದ್ದಾಕೆ

ಈಗ ಗುಳಿಗೆಯ ಕಥೆ. ನ್ಯೂಯಾರ್ಕಿನ ಗರ್ಟ್ರೂಡ್ ಎಲಿಯನ್ ರಸಾಯನಶಾಸ್ತ್ರ ಓದಿದ್ದರೂ ಹೆಣ್ಣೆಂಬ ಕಾರಣಕ್ಕೆ ಪ್ರಯೋಗಾಲಯದ ಕೆಲಸ ಸಿಗಲಿಲ್ಲ. ಅಂಗಡಿಗಳಿಗೆ ಹೋಗುವ ಉಪ್ಪಿನಕಾಯಿಯ ಹುಳಿ ಪರೀಕ್ಷಿಸುವ ಕೆಲಸವನ್ನೂ ಮಾಡಿದರು. 1944ರಲ್ಲಿ ಬರೋಸ್ ವೆಲ್‌ಕಮ್ ಕಂಪನಿ ಸೇರಿದರು. ಪಿಎಚ್.ಡಿ. ಮುಗಿಸಲೇ ಇಲ್ಲ. 1988ರಲ್ಲಿ ನೊಬೆಲ್ ಬಂತು.

1970ರ ದಶಕದಲ್ಲಿ ಹೊವಾರ್ಡ್ ಶೆಫರ್ ತಯಾರಿಸಿದ ಒಂದು ಅಣುವನ್ನು ಹಿಡಿದು, ಎಲಿಯನ್ ತಂಡ ಅದು ಹೇಗೆ ಕೆಲಸ ಮಾಡುತ್ತದೆಂದು ಬಿಡಿಸಿತು. ಅದೇ ಅಸೈಕ್ಲೋವಿರ್. ವೈರಸ್ ಹೊಕ್ಕ ಜೀವಕೋಶದಲ್ಲಿ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಅದನ್ನು ಎಬ್ಬಿಸುವ ಕಿಣ್ವವನ್ನು ವೈರಸ್ಸೇ ಒದಗಿಸುತ್ತದೆ. ಕಳ್ಳನ ಕೈಯಲ್ಲೇ ಬೀಗ ಹಾಕಿಸುವ ಉಪಾಯ. ಅಮೆರಿಕದಲ್ಲಿ 1982ರಲ್ಲಿ ಮುಲಾಮು ಮತ್ತು ಇಂಜೆಕ್ಷನ್ ಆಗಿ, 1985ರಲ್ಲಿ ಬಾಯಿಗೆ ಹಾಕುವ ಮಾತ್ರೆಯಾಗಿ ಒಪ್ಪಿಗೆ ಪಡೆಯಿತು.

ಸರ್ಪಸುತ್ತಿನಲ್ಲಿ ಹಾವಿಲ್ಲ. ಚಿಕ್ಕಂದಿನಲ್ಲಿ ‘ಅಮ್ಮ’ ಎಂದು ಬೇವಿನ ಸೊಪ್ಪು ಕಟ್ಟಿ ಮಲಗಿಸಿದ್ದ ಸೀತಾಳೆ ಸಿಡುಬಿನ ವೈರಸ್ಸೇ ನರದ ಬುಡದಲ್ಲಿ ದಶಕಗಟ್ಟಲೆ ಮಲಗಿದ್ದು, ಮೈಶಕ್ತಿ ಕುಗ್ಗಿದಾಗ ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ. ನರ ಹೋಗುವುದು ಮೈಯ ಒಂದೇ ಬದಿಗೆ. ಅದಕ್ಕೇ ತಲೆ ಬಾಲ ಕೂಡುವುದು ತೀರಾ ಅಪರೂಪ.

ಅಸೈಕ್ಲೋವಿರ್‌ಗೆ ಒಂದೇ ಒಂದು ಸಣ್ಣ ಗುಣ ಕಷ್ಟದ್ದು: ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ರಕ್ತಕ್ಕೆ ಸೇರಿದ್ದರಲ್ಲಿ ಬಹುಪಾಲು ಹಾಗೆಹಾಗೆಯೇ ಕಿಡ್ನಿಯಿಂದ ಹೊರಹೋಗುತ್ತದೆ. ಮೈಯಲ್ಲಿ ನೀರು ಕಡಿಮೆಯಿದ್ದರೆ ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಸೂಜಿಯಂಥ ಹರಳು ಕಟ್ಟಬಹುದು. ಅದಕ್ಕೇ ಇಂಜೆಕ್ಷನ್ನನ್ನು ಒಂದು ಗಂಟೆಗೆ ಕಡಿಮೆಯಿಲ್ಲದಂತೆ ನಿಧಾನವಾಗಿ ಇಳಿಸಬೇಕು, ನೀರಿನಂಶ ಚೆನ್ನಾಗಿರಬೇಕು ಎಂಬ ಸೂಚನೆ. ಗುಳಿಗೆಯಲ್ಲಿ ಈ ಅಪಾಯ ಕಡಿಮೆ. ನುಂಗಿದ್ದರಲ್ಲಿ ಐದನೇ ಒಂದು ಪಾಲು ರಕ್ತಕ್ಕೆ ಸೇರಿದರೆ ಹೆಚ್ಚು. ಆದರೆ ವಯಸ್ಸಾದ, ನೀರು ಕುಡಿಯದ ರೋಗಿಗಳಲ್ಲಿ ಗುಳಿಗೆಯಿಂದಲೂ ಆದದ್ದು ದಾಖಲಾಗಿದೆ.

ಒಂದೇ ಬಾಗಿಲು

ಹಾಗಾದರೆ ಇವೆರಡೂ ಪರಸ್ಪರ ಜಗಳವಾಡುತ್ತವೆಯೇ? ನೇರವಾಗಿ ಇಲ್ಲ. ಒಂದು ಇನ್ನೊಂದನ್ನು ವಿಷ ಮಾಡುವುದಿಲ್ಲ. ಎರಡೂ ಹೊರಹೋಗುವ ಬಾಗಿಲು ಒಂದೇ, ಅಷ್ಟೇ. ಸಂತೆ ದಿನ ಇಕ್ಕಟ್ಟಿನ ಬಸ್ ಬಾಗಿಲಲ್ಲಿ ಆಗುವ ನೂಕುನುಗ್ಗಲಿನ ಹಾಗೆ. ಅಲ್ಲಿಗೆ ನೋವಿನ ಮಾತ್ರೆ ಬಂದು ಕಿಡ್ನಿಯ ರಕ್ತಸಂಚಾರ ತಗ್ಗಿಸಿದರೆ, ವಾಂತಿ ನೀರನ್ನು ಬಸಿದರೆ, ಬಾಗಿಲು ಇನ್ನಷ್ಟು ಕಿರಿದು. ಎಚ್.ಐ.ವಿ. ಮತ್ತು ಹೆಪಟೈಟಿಸ್ ಬಿ ರೋಗಿಗಳಿಗೆ ಕೊಡುವ ಟೆನೊಫೊವಿರ್ ಎಂಬ ವೈರಸ್ ಔಷಧಿಗೂ ಇದೇ ಮಾತು. ಕಿಡ್ನಿಗೆ ಹೊರೆಯಾಗುವ ಬೇರೆ ಔಷಧಿಯ ಜೊತೆ ಕೊಡುವಾಗ ಜಾಗ್ರತೆ ಎಂದು ಅದರ ಸೂಚನೆಯಲ್ಲೇ ಇದೆ. ಎ.ಆರ್.ಟಿ. ಕೇಂದ್ರದಿಂದ ಅದನ್ನು ತರುವವರು ಸ್ಕ್ಯಾನಿಂಗ್ ಫಾರಂನಲ್ಲಿ ಬರೆಯಲು ಹಿಂಜರಿದರೆ ಆಶ್ಚರ್ಯವಿಲ್ಲ, ಅಕ್ಕಪಕ್ಕ ಕೂತವರು ಇಣುಕುತ್ತಿರುತ್ತಾರೆ. ನಾನು ಮರೆತು ಬಿಟ್ಟ ಸಾಲನ್ನು ಅವರು ಅಂಜಿ ಬಿಡುತ್ತಾರೆ.

ನಿಜವಾದ ಜಗಳ ಹೇಗಿರುತ್ತದೆ ಎಂಬುದಕ್ಕೆ ಜಪಾನಿನ ಒಂದು ಪ್ರಕರಣ ನೋಡಿ. ಅದೂ ಸರ್ಪಸುತ್ತಿನ ಔಷಧಿಯದೇ. 1993ರ ಸೆಪ್ಟೆಂಬರಿನಲ್ಲಿ ಸೊರಿವುಡಿನ್ ಎಂಬ ಹೊಸ ಗುಳಿಗೆ ಮಾರಾಟಕ್ಕೆ ಬಂತು. ಕೆಲವೇ ವಾರಗಳಲ್ಲಿ 15 ಜನ ಸತ್ತರು. ಎಲ್ಲರೂ ಫ್ಲೂರೊಯುರಾಸಿಲ್ ಗುಂಪಿನ ಕ್ಯಾನ್ಸರ್ ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದವರು. ಕರುಳಿನ ಬ್ಯಾಕ್ಟೀರಿಯಾಗಳು ಸೊರಿವುಡಿನ್ನನ್ನು ಒಡೆದಾಗ ಬರುವ ಒಂದು ವಸ್ತು, ಆ ಕ್ಯಾನ್ಸರ್ ಔಷಧಿಯನ್ನು ಕರಗಿಸುವ ಕಿಣ್ವವನ್ನೇ ಕೊಲ್ಲುತ್ತಿತ್ತು. ಮಾಮೂಲಿ ಪ್ರಮಾಣದ ಔಷಧಿ ಮೈಯಲ್ಲಿ ಉಳಿದು ವಿಷವಾಯಿತು. ಪ್ರಯೋಗದ ಹಂತದಲ್ಲೇ ಸಾವುಗಳಾಗಿದ್ದವು. ಆಗಲೇ ಎಚ್ಚರಿಕೆಯ ಗಂಟೆ ಹೊಡೆದಿದ್ದರೆ ಆ 15 ಜನ ಉಳಿಯುತ್ತಿದ್ದರೇನೋ.

ವರದಿ ತಪ್ಪಬಹುದು, ವರದಿ ಇಲ್ಲದಿರುವುದು ಇನ್ನೂ ತಪ್ಪು

ವರದಿಗಳು ಸತ್ಯಕ್ಕೆ ಕರೆದೊಯ್ದ ಉದಾಹರಣೆಯೂ ಸ್ಕ್ಯಾನಿಂಗ್ ಕೋಣೆಯಲ್ಲೇ ಇದೆ. 1997ರಿಂದ ಅಮೆರಿಕದಲ್ಲಿ ಕಿಡ್ನಿ ಸೋತ ಕೆಲವರ ಚರ್ಮ ಹಲಗೆಯಂತೆ ಬಿಗಿಯತೊಡಗಿತು. 2000ದಲ್ಲಿ ಅದನ್ನು ಹೊಸ ಕಾಯಿಲೆಯೆಂದು ಪ್ರಕಟಿಸಿದರು, ಕಾರಣ ಮಾತ್ರ ತಿಳಿಯಲಿಲ್ಲ. 2006ರಲ್ಲಿ ಆಸ್ಟ್ರಿಯಾದ ವೈದ್ಯ ಗ್ರೋಬ್ನರ್ ತಮ್ಮ ಒಂಬತ್ತು ರೋಗಿಗಳ ವಿವರ ಬರೆದರು. ಎಂ.ಆರ್.ಐ.ಗೆ ಗ್ಯಾಡೊಲಿನಿಯಂ ಇಂಜೆಕ್ಷನ್ ಪಡೆದಿದ್ದ ಅವರಲ್ಲಿ ಐವರಿಗೆ ಈ ಕಾಯಿಲೆ ಬಂದಿತ್ತು. ಕೇವಲ ಒಂಬತ್ತು ಜನರ ಲೆಕ್ಕ. ಅದೇ ವರ್ಷ ಎಚ್ಚರಿಕೆ ಹೊರಟಿತು, ಕಿಡ್ನಿ ಸೋತವರಿಗೆ ಆ ಬಗೆಯ ಇಂಜೆಕ್ಷನ್ ಕೊಡುವುದು ನಿಂತಿತು, ಕಾಯಿಲೆ ಬಹುತೇಕ ಮಾಯವಾಯಿತು.

ಉಲ್ಟಾ ಉದಾಹರಣೆಯೂ ಇದೆ. ಅಯೋಡಿನ್ ಇಂಜೆಕ್ಷನ್ ಆದಮೇಲೆ ಕ್ರಿಯಾಟಿನಿನ್ ಏರಿದರೆ ಇಂಜೆಕ್ಷನ್ನೇ ಕಾರಣ ಎಂದು ದಶಕಗಳ ಕಾಲ ಬರೆದರು. 2008ರಲ್ಲಿ ನ್ಯೂಯಾರ್ಕಿನ ವೈದ್ಯರು ಇಂಜೆಕ್ಷನ್ ಪಡೆಯದೇ ಇದ್ದ 30 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದರು. ಅರ್ಧಕ್ಕೂ ಹೆಚ್ಚು ಜನರ ಕ್ರಿಯಾಟಿನಿನ್ ಶೇ. 25ರಷ್ಟಾದರೂ ಏರುಪೇರಾಗಿತ್ತು! ಆಸ್ಪತ್ರೆ ಸೇರುವಷ್ಟು ಕಾಯಿಲೆ ಬಿದ್ದವರ ಕಿಡ್ನಿ ತಾನಾಗಿಯೇ ಏರಿಳಿಯುತ್ತದೆ. 2020ರಲ್ಲಿ ಅಮೆರಿಕದ ರೇಡಿಯಾಲಜಿ ಮತ್ತು ಕಿಡ್ನಿ ವೈದ್ಯರ ಸಂಘಟನೆಗಳು ಜಂಟಿಯಾಗಿ ಹೇಳಿದ್ದು ಇದನ್ನೇ: ಈ ಅಪಾಯವನ್ನು ಹಿಂದೆ ಅತಿಯಾಗಿ ಹೇಳಲಾಗಿತ್ತು. ಮುಖ್ಯವಾಗಿ ಜಾಗ್ರತೆ ಬೇಕಾದ್ದು ಕಿಡ್ನಿ ಆಗಲೇ ತೀರಾ ಸೋತವರಿಗೆ ಅಥವಾ ಆ ಹೊತ್ತಿಗೆ ಪೆಟ್ಟು ತಿಂದಿರುವವರಿಗೆ. ಬೇಕೇಬೇಕಾದ ಸ್ಕ್ಯಾನನ್ನು ಹೆದರಿ ಬಿಡುವುದು ಹೆಚ್ಚಿನ ಅಪಾಯ.

ಮೊಬೈಲಿನಲ್ಲಿ ನಾನು ಕಂಡ ‘ವರದಿಯಾಗಿದೆ’ ಎಂಬ ಸಾಲಿನ ತೂಕ ಈಗ ಗೊತ್ತಾಯಿತು. ಎರಡು ಔಷಧಿ ತೆಗೆದುಕೊಂಡ ಎಷ್ಟು ಸಾವಿರ ಜನರಿಗೆ ಏನೂ ಆಗಲಿಲ್ಲ ಎಂದು ಆ ಪಟ್ಟಿ ಹೇಳುವುದಿಲ್ಲ. ಏನೋ ಆದವರಿಗೆ ಯಾವುದರಿಂದ ಆಯಿತು ಎಂದೂ ಹೇಳುವುದಿಲ್ಲ. ಅದು ತೀರ್ಪಲ್ಲ, ಪೊಲೀಸ್ ಠಾಣೆಯ ದೂರು. ದೂರಿನ ಮೇಲೇ ಶಿಕ್ಷೆ ಕೊಡಲಾಗದು. ಆದರೆ ದೂರೇ ದಾಖಲಾಗದಿದ್ದರೆ ತನಿಖೆಯೂ ಇಲ್ಲ.

ಈ ದೂರು ಪುಸ್ತಕ ಹುಟ್ಟಿದ್ದೇ ಒಂದು ದುರಂತದಿಂದ. ಥ್ಯಾಲಿಡೊಮೈಡ್ ನುಂಗಿದ ಗರ್ಭಿಣಿಯರಿಗೆ ಕೈಕಾಲು ಬೆಳೆಯದ ಮಕ್ಕಳು ಹುಟ್ಟಿದ್ದು 1961ರ ಕೊನೆಯಲ್ಲಿ ಜರ್ಮನಿಯ ಮತ್ತು ಆಸ್ಟ್ರೇಲಿಯಾದ ಒಬ್ಬೊಬ್ಬ ವೈದ್ಯರ ಮೂಲಕ ಬಯಲಾಯಿತು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳ ವರದಿಗಳನ್ನು ಕೂಡಿಸಲು ಶುರುಮಾಡಿತು. 1978ರಿಂದ ಆ ಕೆಲಸ ಸ್ವೀಡನ್ನಿನ ಉಪ್ಸಲಾದಲ್ಲಿ ನಡೆಯುತ್ತಿದೆ. ಭಾರತದಲ್ಲಿ ಈಗಿರುವ ಔಷಧ ಜಾಗೃತಿ ಕಾರ್ಯಕ್ರಮ ಆರಂಭವಾದದ್ದು 2010ರಲ್ಲಿ. ಗಾಜಿಯಾಬಾದಿನ ಇಂಡಿಯನ್ ಫಾರ್ಮಾಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. 1800-180-3024 ಎಂಬ ಉಚಿತ ಸಹಾಯವಾಣಿ ಇದೆ. ಡಾಕ್ಟರೇ ಬರೆಯಬೇಕೆಂದಿಲ್ಲ, ರೋಗಿ ಅಥವಾ ಮನೆಯವರೂ ತಿಳಿಸಬಹುದು. ಅನುಮಾನ ಸಾಕು, ಸಾಬೀತು ಮಾಡಬೇಕಾಗಿಲ್ಲ.

ದೊಡ್ಡಪ್ಪನ ವಿಷಯವನ್ನು ಯಾರಾದರೂ ತಿಳಿಸಿದ್ದರೇ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿದೆ. ಇಲ್ಲ. “ಗುಣ ಆಯ್ತಲ್ಲ, ಇನ್ನೇನು?” ಎಂದರು. ಜಿಲ್ಲೆಯ ಮೂಲೆಯಲ್ಲಿ ಬಸ್ ಮಗುಚಿದರೆ ರಾತ್ರಿ ಹನ್ನೊಂದಕ್ಕೂ ಸುದ್ದಿ ಕಳಿಸುವ ನಾನೂ ಕಳಿಸಿರಲಿಲ್ಲ. ಆಮೇಲೆ ಫಾರಂ ತುಂಬಿದೆ. ‘ಅನುಮಾನವಿರುವ ಔಷಧಿ’ ಎಂಬಲ್ಲಿ ಮೂರನ್ನೂ ಬರೆದೆ, ತಾರೀಖು, ಪ್ರಮಾಣ, ಕ್ರಿಯಾಟಿನಿನ್ ಎಲ್ಲ ಸೇರಿಸಿ. ನೀರು ಕುಡಿದಿರಲಿಲ್ಲ ಎಂಬುದನ್ನೂ ಬರೆದೆ. ಯಾವುದೋ ಪಟ್ಟಿಯಲ್ಲಿ ಅದು ಒಂದು ಅಂಕಿಯಾಗಿ ಕೂರುತ್ತದೆ, ಅಷ್ಟೇ. ಗ್ರೋಬ್ನರ್ ಬರೆದದ್ದೂ ಒಂಬತ್ತೇ ಜನರ ಬಗ್ಗೆ.

ಮೊನ್ನೆ ದೊಡ್ಡಪ್ಪನನ್ನು ಮತ್ತೆ ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಬೇಕಾಯಿತು. ಈ ಸಲ ಕ್ರಿಯಾಟಿನಿನ್ ರಿಪೋರ್ಟು ನನ್ನ ಜೇಬಿನಲ್ಲಿತ್ತು. ನೀರು ಕುಡಿಯಬಹುದೇ, ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಮುಂದುವರಿಸಬೇಕು ಎಂದು ಹಿಂದಿನ ದಿನವೇ ಡಾಕ್ಟರನ್ನು ಕೇಳಿದ್ದೆವು. ನಾವಾಗಿಯೇ ಏನನ್ನೂ ನಿಲ್ಲಿಸಿರಲಿಲ್ಲ. ಕೌಂಟರಿನ ಹುಡುಗಿ ಫಾರಂ ಚಾಚುವ ಮೊದಲೇ ದೊಡ್ಡಮ್ಮ ಪ್ಲಾಸ್ಟಿಕ್ ಕವರಿನ ಗಂಟು ಬಿಚ್ಚಿ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಸುರಿದರು. “ಎಲ್ಲ ಇಲ್ಲೇ ಇದೆ ನೋಡವ್ವ, ಒಂದೊಂದೇ ಬರ್ಕೋ,” ಎಂದರು. ಆ ಹುಡುಗಿ ನಕ್ಕು, ಒಂದೊಂದೇ ಹೆಸರು ಓದಿ ಬರೆದುಕೊಂಡಳು.